ಪಕ್ಕದ ಮಂಚದವನ ಹಕ್ಕು



ಈ ಪುಸ್ತಿಕೆಯನ್ನು ನೀವು ಎಲ್ಲಿ ಓದುತ್ತಿದ್ದೀರಿ ಎಂದು ನಾನು ಊಹಿಸಬಲ್ಲೆ. ಎರಡು ಅಂತಸ್ತಿನ ಕಬ್ಬಿಣದ ಮಂಚದಲ್ಲಿ, ಕೆಳಗೋ ಮೇಲೋ, ಪರದೆ ಎಳೆದುಕೊಂಡು ಮಲಗಿದ್ದೀರಿ. ಮಂಚದಡಿ ಸೂಟ್‌ಕೇಸ್, ಅದರ ಪಕ್ಕ ಊರಿಗೆ ಕಳಿಸಲು ಸ್ವಲ್ಪ ಸ್ವಲ್ಪವೇ ತುಂಬಿಸುತ್ತಿರುವ ರಟ್ಟಿನ ಪೆಟ್ಟಿಗೆ. ತಲೆಯ ಹತ್ತಿರ ನೇತಾಡುವ ಪ್ಲಾಸ್ಟಿಕ್ ಚೀಲದಲ್ಲಿ ಸಾಬೂನು, ಬ್ರಷ್, ಮಾತ್ರೆ. ಕಾಲ ಬಳಿ ಮಡಚಿಟ್ಟ ಮುಸಲ್ಲಾ. ಮೇಲಿನವನು ಮಗ್ಗುಲು ಬದಲಿಸಿದರೆ ನಿಮ್ಮ ಮಂಚವೂ ಕಿರುಗುಟ್ಟುತ್ತದೆ.

ಸಣ್ಣ ಜಾಗದಲ್ಲಿ ಸಾಮಾನು ಹೊಂದಿಸುವುದನ್ನು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಆರಡಿ ಉದ್ದ, ಮೂರಡಿ ಅಗಲದಲ್ಲಿ ಒಂದು ಸಂಸಾರಕ್ಕಾಗುವಷ್ಟು ವಸ್ತುಗಳನ್ನು ಇಟ್ಟುಕೊಳ್ಳಲು ನಾವೆಲ್ಲ ಬಂದ ಮೊದಲ ತಿಂಗಳಲ್ಲೇ ಕಲಿತಿದ್ದೇವೆ. ನಾನು ಬರೆಯಲು ಹೊರಟಿರುವುದು ಬೇರೆ ಪ್ರಶ್ನೆ. ಒಂದು ರೂಮಿನಲ್ಲಿ ಎಂಟು ಜನ ಮಲಗುವಾಗ ಒಬ್ಬನಿಗೆ ಇನ್ನೊಬ್ಬನ ಮೇಲಿರುವ ಹಕ್ಕು ಯಾವುದು? ಬಾಡಿಗೆಯನ್ನು ಸಮವಾಗಿ ಹಂಚಿದರೆ ಆ ಹಕ್ಕು ಸಂದಾಯವಾಯಿತೇ?

ನಾನು ಆಲಿಮ್ ಅಲ್ಲ. ಕಲಿತದ್ದು ಬಿ.ಕಾಂ., ಮತ್ತು ಹುಡುಗನಾಗಿದ್ದಾಗ ಊರಿನ ಮದ್ರಸದಲ್ಲಿ ಉಸ್ತಾದರ ಮುಂದೆ ಕುಳಿತು ಓದಿದ ಒಂದಷ್ಟು. ಕೆಲಸ ಲೆಕ್ಕ ಬರೆಯುವುದು. ಮಸಲೆ ಬೇಕಾದರೆ ಉಸ್ತಾದರನ್ನು ಕೇಳಿ. ಇಲ್ಲಿ ಬರೆದಿರುವುದು ನಾನು ತಪ್ಪಾಗಿ ಹಾಕಿದ ಒಂದು ಲೆಕ್ಕದ ಕತೆ.

ದುಬೈಯ ದೇರಾದಲ್ಲಿ ಒಂಬತ್ತು ವರ್ಷ ನಾನು ಇಂಥದ್ದೇ ಒಂದು ರೂಮಿನಲ್ಲಿದ್ದೆ. ಬಾಡಿಗೆ 4,800 ದಿರ್ಹಮ್, ಎಂಟು ಜನ, ತಲೆಗೆ 600. ರೂಮಿನ ಲೆಕ್ಕದ ಪುಸ್ತಕ ನನ್ನ ಕೈಯಲ್ಲಿತ್ತು. ಅಕೌಂಟೆಂಟ್ ಇರುವ ರೂಮಿನಲ್ಲಿ ಆ ಕೆಲಸ ಬೇರೆಯವರಿಗೆ ಸಿಗುವುದಿಲ್ಲ. ಕರೆಂಟು, ನೀರು, ಗ್ಯಾಸ್, ಇಂಟರ್‌ನೆಟ್, ಮೆಸ್ಸಿನ ಅಕ್ಕಿ, ಎಣ್ಣೆ, ಮೀನು ಎಲ್ಲವನ್ನೂ ಫಿಲ್ಸ್‌ವರೆಗೆ ಬರೆಯುತ್ತಿದ್ದೆ. ತಿಂಗಳ ಕೊನೆಗೆ ಪುಸ್ತಕ ಎಲ್ಲರ ಮುಂದೆ ಇಡುತ್ತಿದ್ದೆ. ನಾಳೆ ಆಖಿರತ್‌ನಲ್ಲಿ ಬೇರೆ ಯಾವುದಕ್ಕೆ ಸಿಕ್ಕಿಬಿದ್ದರೂ ಈ ರೂಮಿನ ವಿಷಯದಲ್ಲಿ ನನ್ನ ಕೈ ಶುದ್ಧ ಎಂಬ ಸಣ್ಣ ಹೆಮ್ಮೆಯೂ ಇತ್ತು.

ಆ ಎಂಟರಲ್ಲಿ ಆರು ಮಂದಿ ನಾವು ಬಂಟ್ವಾಳ, ಪುತ್ತೂರು ಕಡೆಯವರು, ಒಬ್ಬರು ಕುಂದಾಪುರದ ಹಿಂದೂ ಗೆಳೆಯರು, ಇನ್ನೊಬ್ಬರು ಕೊಪ್ಪಳದ ಕಡೆಯವರು. ಕೊಪ್ಪಳದವರಿಗೆ ಒಂದು ಬೇಕರಿಯಲ್ಲಿ ರಾತ್ರಿ ಪಾಳಿ. ಫಜ್ರ್ ಕಳೆದು ರೂಮಿಗೆ ಬರುತ್ತಿದ್ದರು, ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡು ಮೂರರವರೆಗೆ ಅವರ ರಾತ್ರಿ. ನಾವು ಕೆಲಸಕ್ಕೆ ಹೋಗಿರುವ ದಿನ ತೊಂದರೆಯಿರಲಿಲ್ಲ. ಆದರೆ ರಜೆಯ ದಿನ ಏಳು ಜನವೂ ರೂಮಿನಲ್ಲೇ. ಈರುಳ್ಳಿ ಹೆಚ್ಚುವುದು, ಕುಕ್ಕರಿನ ಸೀಟಿ, ಊರಿಗೆ ವಿಡಿಯೋ ಕಾಲ್, ಕ್ರಿಕೆಟ್. ಒಣಮೀನು ಹುರಿಯುವುದು ಬೇರೆ. (ಒಣಮೀನಿನ ವಿಷಯದಲ್ಲಿ ಕರಾವಳಿಯವನಾದ ನಾನು ಪಕ್ಷಪಾತಿ, ಅದರ ವಾಸನೆ ಇನ್ನೊಬ್ಬರಿಗೆ ತಲೆನೋವು ತರಬಹುದು ಎಂದು ನಂಬಲು ನನಗೆ ವರ್ಷಗಳೇ ಬೇಕಾದವು.) ರಮಝಾನ್ ಬಂದಾಗ ಇಲ್ಲಿನ ಕಾನೂನಿನಂತೆ ದಿನದ ಕೆಲಸ 2 ಗಂಟೆ ಕಡಿಮೆಯಾಗುತ್ತದೆ. ನಮಗೆ ಅದು ರಹ್ಮತ್. ಅವರಿಗೆ? ಅವರ ನಿದ್ದೆ ಮುಗಿಯುವ ಮೊದಲೇ ಏಳು ಜನ ಬಾಗಿಲು ತೆರೆದು ಒಳಗೆ ಬರುವ ಹೊತ್ತು.

ಅವರು ಒಮ್ಮೆಯೂ ದೂರಲಿಲ್ಲ. ಹದಿನಾಲ್ಕು ತಿಂಗಳು ಇದ್ದರು, ಪ್ರತಿ ತಿಂಗಳು ಒಂದನೇ ತಾರೀಖಿಗೆ 600 ಕೊಟ್ಟರು. ಒಂದು ಈದ್ ಕಳೆದ ವಾರ, ಅಜ್ಮಾನ್ ಕಡೆ ಜಾಗ ಸಿಕ್ಕಿದೆ ಎಂದು ಹಾಸಿಗೆ ಸುತ್ತಿಕೊಂಡು ಹೊರಟರು. ಕೆಲಸ ದೇರಾದಲ್ಲೇ. ಅಷ್ಟು ದೂರದಿಂದ ಬಂದು ಹೋಗುವ ಖರ್ಚು ಎಷ್ಟು ಎಂದು ನಾನು ಮನಸ್ಸಿನಲ್ಲೇ ಕೂಡಿಸಿ ನೋಡಿದೆ. ಲೆಕ್ಕ ಅವರಿಗೆ ನಷ್ಟವನ್ನೇ ತೋರಿಸುತ್ತಿತ್ತು. ಹಾಗಿದ್ದೂ ಒಬ್ಬ ಮನುಷ್ಯ ಹೋಗುತ್ತಾನೆಂದರೆ ಅದಕ್ಕೆ ಪುಸ್ತಕದಲ್ಲಿಲ್ಲದ ಕಾರಣವಿರಬೇಕು. ಕೆಲವು ರಾತ್ರಿ ಯೋಚಿಸಿದ ಮೇಲೆ ನನಗೆ ಹೊಳೆದದ್ದು ಇಷ್ಟು: ನಾವು ಎಂಟೂ ಜನ ಒಂದೇ ಹಣ ಕೊಟ್ಟೆವು, ಆದರೆ ಏಳು ಜನ ನಿದ್ದೆಯನ್ನು ಪಡೆದೆವು, ಅವರು ಮಂಚವನ್ನು ಮಾತ್ರ ಪಡೆದರು. ಬೆಡ್‌ಸ್ಪೇಸಿಗೆ ಹಣ ಕೊಡುವವನು ಕಬ್ಬಿಣಕ್ಕೆ ಕೊಡುತ್ತಾನೆಯೇ?

ಮದ್ರಸದಲ್ಲಿ ನೆರೆಯವರ ಹಕ್ಕಿನ ಪಾಠ ನಿಮಗೂ ನೆನಪಿರಬಹುದು. ನೆರೆಹೊರೆ ಎಂದರೆ ನಾಲ್ಕೂ ದಿಕ್ಕಿಗೆ ನಲವತ್ತು ಮನೆ ಎನ್ನುವವರಿದ್ದಾರೆ ಎಂದು ನಮ್ಮ ಉಸ್ತಾದರು ಹೇಳಿದ್ದರು. ಆ ದಿನ ಮದ್ರಸ ಬಿಟ್ಟ ಮೇಲೆ ನಾವು ಹುಡುಗರು ಮನೆ ಎಣಿಸಲು ಹೊರಟೆವು. ಅಡಿಕೆ ತೋಟಗಳ ನಡುವೆ ಚದುರಿದ ಮನೆಗಳು. ಒಂದು ದಿಕ್ಕಿನಲ್ಲಿ ನಲವತ್ತು ಮುಗಿಯುವ ಮೊದಲೇ ನದಿ ಬಂತು. ಇಲ್ಲಿ ಕ್ಯಾಂಪಿನಲ್ಲಿ ಎಣಿಸಿ ನೋಡಿ, ನಲವತ್ತು ಹೆಜ್ಜೆಯೊಳಗೆ ನಲವತ್ತಕ್ಕಿಂತ ಹೆಚ್ಚು ಜನ ಮಲಗಿರುತ್ತಾರೆ.

ಕುರ್‌ಆನಿನ ನಾಲ್ಕನೆಯ ಸೂರಃ ಅನ್ನಿಸಾದ 36ನೇ ಆಯತ್‌ನಲ್ಲಿ ಅಲ್ಲಾಹನು ಯಾರೊಡನೆಲ್ಲ ಒಳ್ಳೆಯದಾಗಿ ನಡೆದುಕೊಳ್ಳಬೇಕು ಎಂದು ಹೇಳುವಾಗ ತಂದೆತಾಯಿ, ಬಂಧುಗಳು, ಅನಾಥರು, ಬಡವರು, ಹತ್ತಿರದ ನೆರೆಯವನು, ಅಪರಿಚಿತ ನೆರೆಯವನು ಇವರೆಲ್ಲರ ಜೊತೆ ಇನ್ನೊಬ್ಬನನ್ನೂ ಹೆಸರಿಸಿದ್ದಾನೆ: ಸಾಹಿಬಿ ಬಿಲ್ ಜಂಬ್. ಮಗ್ಗುಲಲ್ಲಿರುವ ಜೊತೆಗಾರ. ಪ್ರಯಾಣದಲ್ಲಿ ಜೊತೆಗಿರುವವನು ಎಂದು ಕೆಲವು ವ್ಯಾಖ್ಯಾನಕಾರರು, ಪತ್ನಿ ಎಂದು ಕೆಲವರು, ಕಲಿಕೆಯಲ್ಲೋ ಕೆಲಸದಲ್ಲೋ ಪಕ್ಕದಲ್ಲಿ ಕೂರುವವನು ಎಂದು ಇನ್ನು ಕೆಲವರು ವಿವರಿಸಿದ್ದಾರೆ. ಇದನ್ನು ಓದುವಾಗ ನನಗೆ ಕಾಣುವುದು ಎರಡು ಅಡಿ ಆಚೆಗಿನ ಮಂಚ. ಊರಿನ ನೆರೆಯವನಿಗೂ ನನಗೂ ನಡುವೆ ಗೋಡೆ, ಅಂಗಳ, ಬೇಲಿ ಇವೆ. ನನ್ನ ಕೆಮ್ಮು ಅವನಿಗೆ ಕೇಳುವುದಿಲ್ಲ. ಮಗ್ಗುಲಿನವನಿಗೆ ನನ್ನ ಉಸಿರೂ ಕೇಳುತ್ತದೆ. ಹತ್ತಿರವಿದ್ದಷ್ಟೂ ನೋಯಿಸುವ ದಾರಿಗಳು ಹೆಚ್ಚು, ಬೇಕೆಂದು ನೋಯಿಸದಿದ್ದರೂ.

ಸಣ್ಣ ಜಾಗದ ಬದುಕು ನಮ್ಮ ದೀನಿಗೆ ಹೊಸದಲ್ಲ. ಪ್ರವಾದಿ(ಸ)ರ ಪತ್ನಿಯರ ಮನೆಗಳ ಮಾಡು ಕೈಗೆ ಎಟುಕುತ್ತಿತ್ತು ಎಂದು ಹಸನುಲ್ ಬಸರಿ ತಮ್ಮ ಬಾಲ್ಯವನ್ನು ನೆನೆದು ಹೇಳಿದ್ದಾರೆ. ಬುಖಾರಿಯಲ್ಲಿ ಆಯಿಶಾ(ರ)ರ ಮಾತಿದೆ: ಪ್ರವಾದಿ(ಸ) ರಾತ್ರಿ ನಮಾಝ್ ಮಾಡುವಾಗ ಅವರು ಮುಂದೆ ಮಲಗಿರುತ್ತಿದ್ದರು, ಕಾಲು ಖಿಬ್ಲಾದ ಕಡೆಗೆ. ಸುಜೂದಿಗೆ ಹೋಗುವಾಗ ಪ್ರವಾದಿ(ಸ) ಮೆಲ್ಲಗೆ ಮುಟ್ಟುತ್ತಿದ್ದರು, ಅವರು ಕಾಲು ಮಡಚಿಕೊಳ್ಳುತ್ತಿದ್ದರು. ಎದ್ದು ನಿಂತ ಮೇಲೆ ಮತ್ತೆ ಚಾಚುತ್ತಿದ್ದರು. ಆ ಕಾಲದ ಮನೆಗಳಲ್ಲಿ ದೀಪವಿರಲಿಲ್ಲ ಎಂದೂ ಹೇಳಿದ್ದಾರೆ. ಎಷ್ಟು ಸಣ್ಣ ಕೋಣೆ ನೋಡಿ. ಒಬ್ಬರು ಸುಜೂದ್ ಮಾಡಬೇಕಾದರೆ ಇನ್ನೊಬ್ಬರು ಕಾಲು ಮಡಚಬೇಕು. ಆದರೂ ಮಲಗಿದವರನ್ನು ಎಬ್ಬಿಸಿ ಜಾಗ ಖಾಲಿ ಮಾಡಿಸಲಿಲ್ಲ. ನನ್ನದು ಇಬಾದತ್, ನಿನ್ನದು ಬರೀ ನಿದ್ದೆ ಎಂಬ ಮಾತು ಅಲ್ಲಿ ಬರಲಿಲ್ಲ.

ಇನ್ನೊಂದು ಹದೀಸ್ ಇದೆ, ಮುಸ್ಲಿಂ ಗ್ರಂಥದಲ್ಲಿ. ಇದನ್ನು ಪ್ರತಿ ಬ್ಯಾಚುಲರ್ ರೂಮಿನ ಫ್ರಿಜ್ಜಿನ ಮುಂದೆ ನಿಂತು ಹೇಳಬೇಕು ಎಂದು ನನಗನಿಸುತ್ತದೆ. ಮಿಕ್ದಾದ್(ರ) ಮತ್ತು ಇಬ್ಬರು ಜೊತೆಗಾರರು ಹಸಿವಿನಿಂದ ಕಣ್ಣು ಕಿವಿ ಮಂದವಾಗುವ ಸ್ಥಿತಿಯಲ್ಲಿದ್ದರು. ಯಾರಿಗೂ ಅವರನ್ನು ಇಟ್ಟುಕೊಳ್ಳುವ ಶಕ್ತಿಯಿರಲಿಲ್ಲ. ಪ್ರವಾದಿ(ಸ) ತಮ್ಮ ಮನೆಗೆ ಕರೆದೊಯ್ದರು. ಅಲ್ಲಿ ಕೆಲವು ಆಡುಗಳಿದ್ದವು. ಹಾಲು ಕರೆದು ಎಲ್ಲರೂ ಪಾಲು ಮಾಡಿ ಕುಡಿಯುವುದು, ಪ್ರವಾದಿ(ಸ)ರ ಪಾಲನ್ನು ಎತ್ತಿಡುವುದು ಎಂದು ನಿಶ್ಚಯವಾಯಿತು. ಮೆಸ್ ವ್ಯವಸ್ಥೆಯೇ ಅಲ್ಲವೇ? ಪ್ರವಾದಿ(ಸ) ರಾತ್ರಿ ತಡವಾಗಿ ಬರುತ್ತಿದ್ದರು. ಬಂದು ಸಲಾಂ ಹೇಳುತ್ತಿದ್ದರು, ಎಚ್ಚರವಿದ್ದವರಿಗೆ ಕೇಳುವಷ್ಟು, ಮಲಗಿದವರು ಏಳದಷ್ಟು. ಒಂದು ರಾತ್ರಿ ಮಿಕ್ದಾದ್‌ರಿಗೆ ಶೈತಾನ್ ಒಂದು ನೆಪ ಕೊಟ್ಟ: ಪ್ರವಾದಿಯವರಿಗೆ ಅನ್ಸಾರಿಗಳು ಏನಾದರೂ ಕೊಟ್ಟಿರುತ್ತಾರೆ, ಈ ಗುಟುಕು ಹಾಲು ಅವರಿಗೆ ಬೇಕಿರಲಾರದು. ಎತ್ತಿಟ್ಟಿದ್ದ ಪಾಲನ್ನು ಕುಡಿದುಬಿಟ್ಟರು. ಹೊಟ್ಟೆಗೆ ಇಳಿದ ಮೇಲೆ ಭಯ ಹಿಡಿಯಿತು. ನಿದ್ದೆ ಬರಲಿಲ್ಲ. ಹೊದಿಕೆ ಗಿಡ್ಡದ್ದು, ತಲೆಗೆ ಎಳೆದರೆ ಕಾಲು ಹೊರಗೆ, ಕಾಲಿಗೆ ಎಳೆದರೆ ತಲೆ ಹೊರಗೆ. ಪ್ರವಾದಿ(ಸ) ಬಂದರು, ಎಂದಿನಂತೆ ಮೆಲ್ಲಗೆ ಸಲಾಂ ಹೇಳಿದರು, ನಮಾಝ್ ಮಾಡಿದರು, ಪಾತ್ರೆ ತೆರೆದರು. ಖಾಲಿ. ತಲೆಯೆತ್ತಿದಾಗ ಮಿಕ್ದಾದ್, ಈಗ ನನ್ನ ವಿರುದ್ಧ ದುಆ ಮಾಡುತ್ತಾರೆ, ನಾನು ನಾಶವಾದೆ ಎಂದುಕೊಂಡರು. ಪ್ರವಾದಿ(ಸ) ಬೇಡಿದ್ದು, ತಮಗೆ ಉಣಿಸಿದವರಿಗೆ ಅಲ್ಲಾಹನು ಉಣಿಸಲಿ, ಕುಡಿಸಿದವರಿಗೆ ಕುಡಿಸಲಿ ಎಂದು. ಅದನ್ನು ಕೇಳಿ ಮಿಕ್ದಾದ್ ಎದ್ದು ಆಡುಗಳ ಬಳಿ ಹೋದರೆ, ಕರೆದು ಮುಗಿದಿದ್ದ ಕೆಚ್ಚಲುಗಳು ಮತ್ತೆ ತುಂಬಿದ್ದವು.

ಯಾರು ಕುಡಿದದ್ದು ಎಂಬ ಪ್ರಶ್ನೆ ಆ ಕೋಣೆಯಲ್ಲಿ ಎದ್ದಿಲ್ಲ. ನಮ್ಮ ರೂಮಿನಲ್ಲಿ ಒಂದು ಡಬ್ಬಿ ಮೊಸರಿಗಾಗಿ ಮೂರು ದಿನ ಮಾತು ಬಿಟ್ಟವರಿದ್ದರು. ಫ್ರಿಜ್ಜಿನ ಡಬ್ಬಿಗಳ ಮೇಲೆ ಹೆಸರು ಬರೆದ ಚೀಟಿ ಅಂಟಿಸಿದವನು ನಾನೇ. ಚೀಟಿ ತಪ್ಪಲ್ಲ, ಜಗಳ ಕಡಿಮೆಯಾಯಿತು. ಆದರೆ ಮಿಕ್ದಾದ್‌ರ ಸಲಾಮಿನ ಭಾಗವನ್ನು ನಾನು ಎಷ್ಟೋ ಬಾರಿ ಓದಿದ್ದೆ, ಬಾಗಿಲ ಹಿಡಿಯನ್ನು ಮೆಲ್ಲಗೆ ತಿರುಗಿಸಿ ಹದಿನಾಲ್ಕು ತಿಂಗಳಲ್ಲಿ ಎಷ್ಟು ಸಲ ಒಳಗೆ ಬಂದೆ? ನೆನಪಾಗುವುದಿಲ್ಲ. ದೊಡ್ಡ ದನಿಯಲ್ಲಿ ಸಲಾಂ ಹೇಳುವುದೇ ಸುನ್ನತ್ ಎಂದು ತಿಳಿದಿದ್ದೆ.

ನಿಮ್ಮಲ್ಲೊಬ್ಬರು ಕೇಳಬಹುದು: ‘ನನಗೂ ದಣಿವಿದೆ. ಹನ್ನೆರಡು ಗಂಟೆ ಬಿಸಿಲಲ್ಲಿ ನಿಂತು ಬಂದು ರೂಮಿನಲ್ಲೂ ಕಳ್ಳನ ಹಾಗೆ ನಡೆಯಬೇಕೇ? ನಾನೂ ಬಾಡಿಗೆ ಕೊಟ್ಟಿದ್ದೇನಲ್ಲ?’ ನ್ಯಾಯವಾದ ಮಾತು. ಸಣ್ಣ ರೂಮಿನಲ್ಲಿ ಎಲ್ಲರೂ ಎಲ್ಲದಕ್ಕೂ ಅಂಜುತ್ತಾ ಬದುಕಿದರೆ ಅದು ಮನೆಯಲ್ಲ, ಆಸ್ಪತ್ರೆ. ನಗಬೇಕು, ಜೋರಾಗಿ ಹರಟಬೇಕು, ಇಲ್ಲದಿದ್ದರೆ ಇಲ್ಲಿ ತಲೆ ಕೆಡುತ್ತದೆ. ನನ್ನ ಮಾತು ಇಷ್ಟೇ: ಸಮಪಾಲು ಎನ್ನುವುದು ಹಣಕ್ಕೆ ಒಪ್ಪುತ್ತದೆ. ನಿದ್ದೆಗೆ, ಮರೆಗೆ, ಮೌನಕ್ಕೆ ಒಪ್ಪುವುದಿಲ್ಲ, ಅವು ಒಬ್ಬೊಬ್ಬರಿಗೆ ಬೇಕಾಗುವ ಹೊತ್ತು ಬೇರೆ. ಸೂರಃ ಅಲ್ ಮುಜಾದಿಲದ 11ನೇ ಆಯತ್‌ನಲ್ಲಿ ಕೂಟಗಳಲ್ಲಿ ಜಾಗ ಬಿಡಿ ಎಂದರೆ ಬಿಡಬೇಕು, ಬಿಟ್ಟವರಿಗೆ ಅಲ್ಲಾಹನು ಜಾಗ ವಿಶಾಲ ಮಾಡುತ್ತಾನೆ ಎಂದು ಹೇಳಲಾಗಿದೆ. ಸರಿದು ಕೂತರೆ ಎಲ್ಲರ ಅಳತೆಯೂ ಸಮವಾಗಿರುವುದಿಲ್ಲ. ಬಂದವನು ದಪ್ಪಗಿದ್ದರೆ ಹೆಚ್ಚು ಸರಿಯಬೇಕಾಗುತ್ತದೆ.

ಮರೆಯ ವಿಷಯವೂ ಹಾಗೆಯೇ. ಫಜ್ರಿಗೆ ಮೊದಲು, ಮಧ್ಯಾಹ್ನ ಬಟ್ಟೆ ಸಡಿಲಿಸುವ ಹೊತ್ತು, ಇಶಾದ ನಂತರ, ಈ ಮೂರು ಹೊತ್ತಿನಲ್ಲಿ ಮನೆಯ ಮಕ್ಕಳೂ ಅನುಮತಿ ಕೇಳಿ ಒಳಬರಬೇಕು ಎಂದು ಸೂರಃ ಅನ್ನೂರ್ ಕಲಿಸುತ್ತದೆ. ಬೆಡ್‌ಸ್ಪೇಸಿನಲ್ಲಿ ತಟ್ಟಲು ಬಾಗಿಲೆಲ್ಲಿದೆ? ಪರದೆಯೇ ಬಾಗಿಲು. ಅದರ ಹಿಂದೆ ಒಬ್ಬ ತನ್ನ ಹೆಂಡತಿಯೊಂದಿಗೆ ಪಿಸುಗುಟ್ಟುತ್ತಿದ್ದರೆ ನಮ್ಮ ಕಿವಿಯೇ ಅನುಮತಿಯಿಲ್ಲದೆ ಒಳನುಗ್ಗುತ್ತದೆ. ಇಯರ್‌ಫೋನ್ ಹಾಕಿಕೊಳ್ಳುವುದು, ಎದ್ದು ಬಾಲ್ಕನಿಗೆ ಹೋಗುವುದು, ಮಾರನೆಯ ದಿನ ಆ ಮಾತನ್ನು ತಮಾಷೆಗೂ ಎತ್ತದಿರುವುದು, ಇವೇ ಇಲ್ಲಿ ನಾವು ಮಾಡಬಹುದಾದದ್ದು. ಪರದೆಯ ಹಿಂದೆ ಒಬ್ಬ ಅಳುತ್ತಿದ್ದರೆ? ಸರಿಸಬೇಕೋ ಬಿಡಬೇಕೋ, ನಾನು ಎರಡನ್ನೂ ಮಾಡಿ ಎರಡರಲ್ಲೂ ತಪ್ಪಿದ್ದೇನೆ. ಈಗ ಒಂದು ಗ್ಲಾಸ್ ಚಹಾ ಮಾಡಿ ಸ್ಟೂಲಿನ ಮೇಲಿಟ್ಟು, ಚಹಾ ಇದೆ ಎಂದಷ್ಟೇ ಹೇಳುತ್ತೇನೆ. ಹೊರಗೆ ಬರುವುದು ಬಿಡುವುದು ಅವನಿಗೆ ಬಿಟ್ಟದ್ದು.

ರಮಝಾನಿನಲ್ಲಿ ನಾವು ಹೆಚ್ಚಾಗಿ ತಪ್ಪುವುದು ಇಬಾದತ್‌ನ ಹೆಸರಿನಲ್ಲೇ. ಸಹರಿಗೆ ಐದು ಫೋನಿನಲ್ಲಿ ಐದು ಅಲಾರಾಂ, ಪ್ರತಿಯೊಂದೂ ಮೂರು ಸಲ. ಸ್ಪೀಕರಿನಲ್ಲಿ ಕಿರಾಅತ್. ಪ್ರವಾದಿ(ಸ) ಮಸೀದಿಯಲ್ಲಿ ಇಅ್‌ತಿಕಾಫ್ ಕೂತಿದ್ದಾಗ ಜನ ಎತ್ತರದ ದನಿಯಲ್ಲಿ ಕುರ್‌ಆನ್ ಓದುವುದನ್ನು ಕೇಳಿ ಪರದೆ ಸರಿಸಿ, ನೀವೆಲ್ಲರೂ ನಿಮ್ಮ ರಬ್ಬಿನೊಂದಿಗೆ ಮಾತಾಡುತ್ತಿದ್ದೀರಿ, ಒಬ್ಬರು ಇನ್ನೊಬ್ಬರಿಗೆ ತೊಂದರೆ ಕೊಡಬೇಡಿ ಎಂಬರ್ಥದಲ್ಲಿ ತಿದ್ದಿದ್ದನ್ನು ಅಬೂದಾವೂದ್ ವರದಿ ಮಾಡಿದ್ದಾರೆ. ಅದು ಮಸೀದಿ, ಓದುತ್ತಿದ್ದದ್ದು ಕುರ್‌ಆನ್. ನಮ್ಮ ಕುಂದಾಪುರದ ಗೆಳೆಯರು ಆ ತಿಂಗಳಿಡೀ ಮಧ್ಯಾಹ್ನದ ಊಟವನ್ನು ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದರು. ಅವರ ಮರ್ಯಾದೆ ಅದು, ನಾವು ಕೇಳಿದ್ದಲ್ಲ. ಆದರೆ ತಾನು ಬಾಡಿಗೆ ಕೊಡುವ ರೂಮಿನಲ್ಲಿ ಒಬ್ಬ ಮನುಷ್ಯ ಅಡಗಿ ಉಣ್ಣುವಂತಾಗಬಾರದು ಎಂದು ನಾವಾಗಿಯೇ ಅವರಿಗೆ ಹೇಳಲು ಎರಡು ರಮಝಾನ್ ಕಳೆದವು.

ಒಂದು ಮಾತನ್ನು ಇಲ್ಲಿ ಹೇಳದಿದ್ದರೆ ಈ ಬರಹ ಬಾಡಿಗೆ ತಿನ್ನುವವರಿಗೆ ಅನುಕೂಲವಾಗುತ್ತದೆ. ಸಬ್ರ್ ಇರಬೇಕಾದದ್ದು ಮಗ್ಗುಲಿನವನ ವಿಷಯದಲ್ಲಿ. ಎಂಟು ಜನರ ರೂಮಿನಲ್ಲಿ ಹದಿನಾಲ್ಕು ಮಂಚ ತುರುಕಿದವನ ವಿಷಯದಲ್ಲಿ ಅಲ್ಲ. ಯುಎಇಯಲ್ಲಿ ಕಾರ್ಮಿಕರ ವಸತಿಯಲ್ಲಿ ಒಬ್ಬನಿಗೆ ಕನಿಷ್ಠ 3 ಚದರ ಮೀಟರ್ ಜಾಗ ಇರಬೇಕೆಂಬ ನಿಯಮವಿದೆ. 3 ಚದರ ಮೀಟರ್ ಎಂದರೆ ಸುಮಾರು 32 ಚದರಡಿ, ನಿಮ್ಮ ಮಂಚದ ಎರಡರಷ್ಟೂ ಇಲ್ಲ. ಅದನ್ನೂ ಕೊಡದ ಕಂಪನಿಯ ಬಗ್ಗೆ ದೂರುವುದು ಬೇಸಬ್ರಿ ಅಲ್ಲ. ಇನ್ನು ಕಂಪನಿಗಿಂತ ಹೆಚ್ಚು ನೋವು ಕೊಡುವವರು ನಮ್ಮವರೇ. ರೂಮ್ ತನ್ನ ಹೆಸರಿಗೆ ಹಿಡಿದು, ಮಾಲೀಕನಿಗೆ ತಿಳಿಸದೆ ಪಾರ್ಟಿಷನ್ ಹೊಡೆದು, ಅಡುಗೆಮನೆಯ ಮೂಲೆಗೂ ಮಂಚ ಹಾಕಿ, ನಿಜವಾದ ಬಾಡಿಗೆ ಎಷ್ಟೆಂದು ಮುಚ್ಚಿಟ್ಟು, ಊರವರಿಗೆ ಉಪಕಾರ ಮಾಡಿದೆ ಎನ್ನುವವರು. ವ್ಯಾಪಾರ ಹರಾಮ್ ಅಲ್ಲ. ವ್ಯಾಪಾರವನ್ನು ಉಪಕಾರ ಎಂದು ಕರೆದು ಮಾರುವುದಕ್ಕೆ ಏನೆನ್ನಬೇಕೆಂದು ಅವರೇ ಉಸ್ತಾದರನ್ನು ಕೇಳಲಿ.

ನನ್ನ ಲೆಕ್ಕಕ್ಕೆ ಬರುತ್ತೇನೆ. ಮುಸ್ಲಿಂ ಗ್ರಂಥದಲ್ಲೇ ಇರುವ ಮುಫ್ಲಿಸ್‌ನ ಹದೀಸ್ ನಿಮಗೆ ಗೊತ್ತು: ನಮಾಝ್, ಉಪವಾಸ, ಝಕಾತ್ ಎಲ್ಲವನ್ನೂ ಹೊತ್ತು ಬಂದವನು, ಒಬ್ಬನನ್ನು ಬೈದ, ಒಬ್ಬನ ಹಣ ತಿಂದ, ಒಬ್ಬನಿಗೆ ಹೊಡೆದ ಕಾರಣಕ್ಕೆ ತನ್ನ ಪುಣ್ಯವನ್ನೆಲ್ಲ ಅವರಿಗೆ ಹಂಚಿ ದಿವಾಳಿಯಾಗುತ್ತಾನೆ. ನಾನು ಆ ಕೊಪ್ಪಳದವರನ್ನು ಬೈದಿಲ್ಲ, ಹೊಡೆದಿಲ್ಲ. ಆದರೆ ಅವರು ಹಣ ಕೊಟ್ಟು ಕೊಂಡದ್ದನ್ನು ತಿಂದೆನೇ? ರಮಝಾನಿನಲ್ಲಿ ರಾತ್ರಿಯಿಡೀ ಇಸ್ತಿಗ್‌ಫಾರ್ ಮಾಡಿದರೂ ಮನುಷ್ಯರ ಹಕ್ಕು ಆ ಮನುಷ್ಯ ಬಿಟ್ಟುಕೊಡದೆ ತೀರುವುದಿಲ್ಲ ಎಂದೇ ಮದ್ರಸದಲ್ಲಿ ಕಲಿತದ್ದು. ಕೊನೆಗೆ ಅಕೌಂಟೆಂಟ್ ಮಾಡುವುದನ್ನೇ ಮಾಡಿದೆ. ಬಾಡಿಗೆಯ ಕಾಲು ಭಾಗ ಶಾಂತಿಗೆ ಎಂದು ಇಟ್ಟುಕೊಂಡರೆ ತಿಂಗಳಿಗೆ 150, ಹದಿನಾಲ್ಕು ತಿಂಗಳಿಗೆ 2,100 ದಿರ್ಹಮ್. ಲಕೋಟೆಯಲ್ಲಿ ಹಾಕಿ, ಒಂದು ಶಾಬಾನ್ ತಿಂಗಳ ಅಸರ್ ನಂತರ ಅವರ ಬೇಕರಿಗೆ ಹೋದೆ.

ಹಿಟ್ಟಿನ ಕೈ ಒರೆಸಿಕೊಂಡು ಹೊರಗೆ ಬಂದರು. ನಾನು ನಿದ್ದೆಯ ವಿಷಯ, ಕುಕ್ಕರಿನ ವಿಷಯ, ಬಾಗಿಲಿನ ವಿಷಯ ಎಲ್ಲ ಹೇಳಿ ಲಕೋಟೆ ಮುಂದೆ ಹಿಡಿದೆ. ಅವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಕ್ಕುಬಿಟ್ಟರು.

‘ಭಾಯ್, ನಿದ್ದಿಗೇನು? ಬೇಕರ್‍ಯಾಗ ಮಷಿನ್ ಸದ್ದಿನಾಗೂ ನಾ ನಿಂತಲ್ಲೇ ನಿದ್ದಿ ಮಾಡ್ತೀನಿ. ಅದಕ್ಕ ಹೋದವ ಅಲ್ಲ ನಾನು.’

‘ಮತ್ತೆ?’

ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ನೀವೆಲ್ಲಾರೂ ಕನ್ನಡದಾಗ ಮಾತಾಡಕೋತ ಇರತಿದ್ರಿ. ನಾ ಒಳಗ ಬಂದ ಕೂಡಲೇ ನಿಮ್ಮ ಬ್ಯಾರಿ ಭಾಷಾ ಚಾಲೂ ಆಗತಿತ್ತು. ಆಮ್ಯಾಲ ಎಲ್ಲಾರೂ ನಗತಿದ್ರಿ. ನನ್ನ ಬಗ್ಗೆನೇ ಅಂತ ತಿಳ್ಕೊಂಡಿದ್ದೆ.’

ಅವರ ಬಗ್ಗೆ ಆಗಿರಲಿಲ್ಲ. ವಲ್ಲಾಹಿ, ಒಮ್ಮೆಯೂ ಅಲ್ಲ. ಅವರು ಬರುವ ಹೊತ್ತಿಗೆ ನಮ್ಮಲ್ಲಿ ಕೆಲವರು ಏಳುತ್ತಿದ್ದರು, ಅರೆನಿದ್ದೆಯಲ್ಲಿ ಬಾಯಿಗೆ ಮನೆಮಾತು ಬರುತ್ತಿತ್ತು, ಅಷ್ಟೇ. ಹಾಗೆಂದು ಹೇಳಿದೆ. ಅವರು ತಲೆಯಾಡಿಸಿದರು. ನಂಬಿದರೋ, ನನ್ನ ಮುಖಕ್ಕಾಗಿ ಆಡಿಸಿದರೋ ಇವತ್ತಿಗೂ ತಿಳಿಯದು. ಫಿಲ್ಸ್‌ವರೆಗೆ ಬರೆದ ನನ್ನ ಪುಸ್ತಕದಲ್ಲಾಗಲಿ, ಆಮೇಲೆ ತಲೆಯಲ್ಲಿ ತಿದ್ದಿ ಬರೆದ ಲೆಕ್ಕದಲ್ಲಾಗಲಿ ಆ ಕಾಲಂ ಇರಲೇ ಇಲ್ಲ. ಹದಿನಾಲ್ಕು ತಿಂಗಳು ಎರಡು ಅಡಿ ದೂರದಲ್ಲಿ ಮಲಗಿದ್ದವರನ್ನು, ನಿಮಗೇನಾದರೂ ಬೇಸರವಿದೆಯೇ ಎಂದು ನಾನು ಕೇಳಿರಲಿಲ್ಲ. ನಾನೇ ಊಹಿಸಿ, ನಾನೇ ಬೆಲೆ ಕಟ್ಟಿ, ನಾನೇ ಲಕೋಟೆಗೆ ಹಾಕಿಕೊಂಡು ಹೋಗಿದ್ದೆ.

ಮಾಫಿ ಕೇಳಿದೆ. ಕೊಟ್ಟರು. ಲಕೋಟೆ ಮುಟ್ಟಲಿಲ್ಲ. ಒಳಗೆ ಹೋಗಿ ಎರಡು ಪ್ಯಾಕೆಟ್ ರಸ್ಕ್ ತಂದು ಕೈಯಲ್ಲಿಟ್ಟು, ಸಹರಿಗೆ ಚಹಾದ ಜೊತಿ ಚಲೋ ಆಗ್ತದ, ರೂಮಿನವರಿಗೆ ಕೊಡ್ರಿ ಎಂದರು. ಅಷ್ಟರಲ್ಲಿ ಒಳಗಿನಿಂದ ಯಾರೋ ಕರೆದರು, ಹೋದರು.